ನಾನು ಎಷ್ಟು ಸಲ ಫೇಲಾಗುತ್ತೇನೆ ಎಂಬ ಲೆಕ್ಕ

ನನ್ನನ್ನು ದಿನವೂ ತನ್ನ ಕಾರಿನಲ್ಲಿ ಶಾಲೆಗೆ ಕರೆದುಕೊಂಡು ಹೋಗುತ್ತಿದ್ದ ಸಹೋದ್ಯೋಗಿಯ ಗಂಡನಿಗೆ ದೂರದ ಊರಾದ ಅಲ್ ಐನ್‌ನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು. ಹದಿನೈದು ದಿನದಲ್ಲಿ ಅವರು ಮನೆ ಖಾಲಿ ಮಾಡಿ ಹೊರಟೇಬಿಟ್ಟರು. ಪೆಟ್ರೋಲಿಗೆಂದು ತಿಂಗಳಿಗಿಷ್ಟು ಕೊಟ್ಟು ಆರು ವರ್ಷ ಅವಳ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಉತ್ತರಪತ್ರಿಕೆ ತಿದ್ದಿದವಳು ನಾನು. ದುಬೈಯ ರಸ್ತೆಗಳನ್ನು ಅಷ್ಟು ವರ್ಷದಲ್ಲಿ ನಾನು ಸರಿಯಾಗಿ ತಲೆಯೆತ್ತಿ ನೋಡಿರಲಿಲ್ಲ.

ನಮ್ಮ ಮನೆ ಇಂಟರ್‌ನ್ಯಾಷನಲ್ ಸಿಟಿಯ ಇಂಗ್ಲೆಂಡ್ ಕ್ಲಸ್ಟರ್ ಎಂಬ ವಸತಿ ಸಮುಚ್ಚಯದಲ್ಲಿ. ನಾನು ಗಣಿತ ಕಲಿಸುವ ಶಾಲೆ ಊರಿನ ಇನ್ನೊಂದು ತುದಿಯಲ್ಲಿ. ಎರಡು ಬಸ್ಸು ಹಿಡಿದು ಹೋಗಲು ಶುರುಮಾಡಿದ ಮೊದಲ ವಾರ ಮೂರು ದಿನ ನಾನು ತಲುಪುವ ಹೊತ್ತಿಗೆ ಅಸೆಂಬ್ಲಿಯಲ್ಲಿ ರಾಷ್ಟ್ರಗೀತೆ ಆರಂಭವಾಗಿತ್ತು. ಅದು ಕೇಳಿಸಿದರೆ ಎಲ್ಲಿದ್ದವರು ಅಲ್ಲಿಯೇ ನಿಲ್ಲಬೇಕು. ಹಾಗಾಗಿ ಮೂರು ದಿನವೂ ನಾನು ಗೇಟಿನ ಹೊರಗೆ, ಒಂದು ಕೈಯಲ್ಲಿ ಊಟದ ಚೀಲ, ಇನ್ನೊಂದರಲ್ಲಿ ಛತ್ರಿ ಹಿಡಿದು, ಸೆಕ್ಯೂರಿಟಿಯವನ ಪಕ್ಕದಲ್ಲಿ ನೆಟ್ಟಗೆ ನಿಂತಿದ್ದೆ. ಪ್ರಿನ್ಸಿಪಾಲರು ಎದುರಿನ ವೇದಿಕೆಯ ಮೇಲಿಂದ ನನ್ನನ್ನೇ ನೋಡುತ್ತಿದ್ದರು. ಅವರೂ ಅಲ್ಲಾಡುವಂತಿರಲಿಲ್ಲ.

ಮನೆಯ ಕೆಳಗೆ ನಮ್ಮ ಹಳೆಯ ಕಾರು ವಾರವಿಡೀ ಧೂಳು ಹೊದ್ದು ನಿಂತಿರುತ್ತಿತ್ತು. ನನ್ನ ಗಂಡ ಹೋಟೆಲೊಂದರ ಸ್ಟೋರಿನಲ್ಲಿ ಕೆಲಸ ಮಾಡುವವರು. ಹೋಗಿಬರಲು ಹೋಟೆಲಿನದೇ ಬಸ್ಸು. ಕಾರು ಹೊರಡುತ್ತಿದ್ದದ್ದು ಚರ್ಚಿಗೆ ಮತ್ತು ಮೀನು ಮಾರ್ಕೆಟ್ಟಿಗೆ ಮಾತ್ರ. ನಲವತ್ತಮೂರನೇ ವಯಸ್ಸಿನಲ್ಲಿ ನಾನು ಡ್ರೈವಿಂಗ್ ಕಲಿಯುತ್ತೇನೆ ಎಂದಾಗ ಅವರು ಬೇಡ ಅನ್ನಲಿಲ್ಲ. ಕಾರಿನ ಇನ್ಶೂರೆನ್ಸ್ ಕಾಗದ ತೆಗೆದು ಒಮ್ಮೆ ಪೂರ್ತಿ ಓದಿದರು, ಅಷ್ಟೆ.

ಡ್ರೈವಿಂಗ್ ಶಾಲೆಯ ಕೌಂಟರಿನಲ್ಲಿ ಒಬ್ಬಳು ಹುಡುಗಿ ನಮ್ಮ ಮುಂದೆ ಒಂದು ಬಣ್ಣದ ಹಾಳೆ ಇಟ್ಟಳು. ಅದರಲ್ಲಿ ಎರಡು ಪ್ಲಾನ್. ಒಂದು ಸಾದಾ: ನಾಲ್ಕು ಸಾವಿರದ ಐನೂರು ದಿರ್ಹಂ. ಅದರಲ್ಲಿ ಕ್ಲಾಸುಗಳು, ಮೊದಲ ರೋಡ್ ಟೆಸ್ಟು ಎಲ್ಲ ಸೇರಿದೆ. ಫೇಲಾದರೆ ಮಾತ್ರ ಪ್ರತಿ ಸಲ ಇನ್ನೆಂಟುನೂರು ಕೊಟ್ಟು ಮತ್ತೆ ಕೆಲವು ಕ್ಲಾಸು ತೆಗೆದುಕೊಂಡು ಮತ್ತೆ ಟೆಸ್ಟಿಗೆ ಹೋಗಬೇಕು. ಎರಡನೆಯದು ಅನ್‌ಲಿಮಿಟೆಡ್: ಒಂದೇ ಸಲ ಆರು ಸಾವಿರದ ಒಂಬೈನೂರು. ಪಾಸಾಗುವವರೆಗೂ ಕಲಿಸುವುದು ಅವರ ಹೊಣೆ. ಯಾವುದು ಬೇಕು ಎಂದು ಆ ಹುಡುಗಿ ನನ್ನನ್ನು ಕೇಳಲಿಲ್ಲ. ನನ್ನ ಗಂಡನನ್ನೂ ಕೇಳಲಿಲ್ಲ. ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ ಅನ್‌ಲಿಮಿಟೆಡ್‌ನ ಫಾರ್ಮನ್ನೇ ಮುಂದೆ ತಳ್ಳಿದಳು.

ಯೋಚಿಸಿ ಹೇಳುತ್ತೇವೆ ಎಂದು ಮನೆಗೆ ಬಂದೆವು.

ನಾವು ಮನೆಯಲ್ಲಿ ಆಡುವುದು ಕೊಂಕಣಿ. ಆದರೆ ಲೆಕ್ಕ ಮತ್ತು ಜಗಳ ಕನ್ನಡದಲ್ಲಿ ನಡೆಯುತ್ತವೆ, ಏಕೆಂದರೆ ಇಬ್ಬರೂ ಮಂಗಳೂರಿನ ಕಡೆಯ ಕನ್ನಡ ಶಾಲೆಗಳಲ್ಲಿ ಓದಿದವರು. ಆ ಸಂಜೆ ಎರಡೂ ಒಟ್ಟಿಗೆ ನಡೆದವು. ನಾನು ಒಂದು ಚೌಕುಳಿ ಹಾಳೆ ತೆಗೆದು ಊಟದ ಮೇಜಿನ ಮೇಲೆ ಹರಡಿದೆ. ನಾನು ಫೇಲಾಗುವ ಸಲಗಳ ಸಂಖ್ಯೆ x ಆಗಿರಲಿ ಎಂದೆ. ಸಾದಾ ಪ್ಲಾನಿನ ಖರ್ಚು 4500 + 800x. ಅನ್‌ಲಿಮಿಟೆಡ್‌ನದು ಬರೀ 6900. ಅದಕ್ಕೆ x ಎಷ್ಟಿದ್ದರೂ ಲೆಕ್ಕಕ್ಕಿಲ್ಲ. ನೀಲಿ ಪೆನ್ನಿನಲ್ಲಿ ಏರುಗೆರೆ ಎಳೆದೆ, ಕೆಂಪು ಪೆನ್ನಿನಲ್ಲಿ ಮಟ್ಟಸ ಗೆರೆ. x ಮೂರಾದಾಗ ಎರಡೂ ಒಂದನ್ನೊಂದು ದಾಟಿದವು. ಮೂರಕ್ಕಿಂತ ಕಡಿಮೆ ಸಲ ಫೇಲಾದರೆ ಸಾದಾ ಪ್ಲಾನ್ ಒಳ್ಳೆಯದು, ಹೆಚ್ಚು ಸಲ ಫೇಲಾದರೆ ಅನ್‌ಲಿಮಿಟೆಡ್. ಇಪ್ಪತ್ತು ವರ್ಷ ಪಾಠ ಮಾಡಿದವಳಿಗೆ ಇದು ಎರಡು ನಿಮಿಷದ ಕೆಲಸ. ಗೆರೆಗಳು ಎಷ್ಟು ಚೆನ್ನಾಗಿ ಬಂದಿದ್ದವೆಂದರೆ ನನಗೇ ಹೆಮ್ಮೆಯಾಯಿತು.

ಗಂಡ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಬಹಳ ಮೆತ್ತಗೆ, ವೈದ್ಯರು ಕೇಳುವ ಹಾಗೆ ಕೇಳಿದರು:

"ನೀನು ಎಷ್ಟು ಸಲ ಫೇಲ್ ಆಗ್ಬಹುದು ಅಂತ ನಿಂಗೆ ಅನ್ನಿಸ್ತದೆ?"

ಒಂದೂ ಇಲ್ಲ ಎಂದೆ. ಅವರು ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು. ಹಿಂದಿನ ತಿಂಗಳು ಸೂಪರ್ ಮಾರ್ಕೆಟ್ಟಿನಲ್ಲಿ ನಾನು ಟ್ರಾಲಿಯನ್ನು ಹಾಲಿನ ಪುಡಿಯ ಡಬ್ಬಗಳ ಗೋಪುರಕ್ಕೆ ನುಗ್ಗಿಸಿದ್ದನ್ನು ನೆನಪಿಸಿದರು. ಆ ಟ್ರಾಲಿಯ ಒಂದು ಚಕ್ರ ಸರಿಯಿರಲಿಲ್ಲ ಎಂದೆ. ಅದರ ಹಿಂದಿನ ತಿಂಗಳ ಟ್ರಾಲಿಯದೂ ಸರಿಯಿರಲಿಲ್ಲ ಎಂದು ಅವರು ಹೇಳಿದರು. ಫೇಲಾಗುವ ವಿಷಯದಲ್ಲಿ ತಮಗೆ ಅನುಭವವಿದೆ, ತಾವೇ ಏಳನೇ ಸಲಕ್ಕೆ ಪಾಸಾದದ್ದು, ಆ ಕಾಲದಲ್ಲಿ ಅನ್‌ಲಿಮಿಟೆಡ್ ಇದ್ದಿದ್ದರೆ ಊರಲ್ಲಿ ಒಂದು ಬಾವಿಯನ್ನಾದರೂ ತೋಡಿಸಬಹುದಿತ್ತು ಎಂದರು. ಅವರ ಅಂದಾಜಿನಲ್ಲಿ ನನ್ನ x ಐದು. ಮರ್ಯಾದೆಗೆಂದು ಒಂದು ಕಡಿಮೆ ಹೇಳಿದ್ದಾರೆಂದು ನನಗೆ ಗೊತ್ತಾಯಿತು.

ಅದರ ಮರುದಿನ ಪೂರ್ತಿ ನಾನು ಮಾತಾಡಲಿಲ್ಲ. ಮೂರನೇ ದಿನ ಹೋಗಿ ಅನ್‌ಲಿಮಿಟೆಡ್‌ಗೆ ಸಹಿ ಹಾಕಿದೆ. ಹಾಕುವಾಗ, ಇವರಿಗೆಲ್ಲ ತೋರಿಸಲಿಕ್ಕಾದರೂ ಮೊದಲನೇ ಸಲವೇ ಪಾಸಾಗಬೇಕು ಅಂದುಕೊಂಡೆ. ಹಾಗೆ ಪಾಸಾದರೆ ಎರಡು ಸಾವಿರದ ನಾನೂರು ದಿರ್ಹಂ ನೀರಿಗೆ ಹಾಕಿದಂತೆ ಎಂಬುದು ಸಹಿ ಹಾಕಿದ ಮೇಲೆ ಹೊಳೆಯಿತು.

ಆ ತಿಂಗಳು ಒಂಬತ್ತನೇ ತರಗತಿಯಲ್ಲಿ ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣದ ಪಾಠ ನಡೆಯುತ್ತಿತ್ತು. ಪುಸ್ತಕದ ಉದಾಹರಣೆಗಳು ಟ್ಯಾಕ್ಸಿ ಬಾಡಿಗೆ, ಪೆನ್ಸಿಲು-ರಬ್ಬರಿನವು. ಮಕ್ಕಳು ಆಕಳಿಸುತ್ತಿದ್ದರು. ನನಗೆ ಆಸೆ ತಡೆಯಲಾಗಲಿಲ್ಲ. ಒಬ್ಬ ಮಹಿಳೆ ಡ್ರೈವಿಂಗ್ ಕಲಿಯಲು ಹೊರಟಿದ್ದಾಳೆ ಎಂದು ಆರಂಭಿಸಿ ಎರಡೂ ಪ್ಲಾನ್‌ಗಳನ್ನು ಬೋರ್ಡಿನ ಮೇಲೆ ಬರೆದೆ. ಎರಡನೇ ಸಾಲು ಬರೆಯುವಷ್ಟರಲ್ಲಿ ಇಡೀ ತರಗತಿಗೆ ಆ ಮಹಿಳೆ ಯಾರೆಂದು ತಿಳಿದುಹೋಗಿತ್ತು. ಯಾವ ಪಾಠಕ್ಕೂ ಏಳದಿದ್ದ ಕೈಗಳು ಮೇಲೆದ್ದವು. ಮಹಿಳೆಯ ವಯಸ್ಸೆಷ್ಟು, ಅವಳಿಗೆ ಸೈಕಲ್ ಬರುತ್ತದೆಯೆ, ಅವಳು ಬೈದರೆ ಎಕ್ಸಾಮಿನರ್ ಹೆದರುತ್ತಾರೆಯೆ. ಎಲ್ಲರೂ ಇಂಗ್ಲಿಷಿನಲ್ಲಿ, ಬಹಳ ಗೌರವದಿಂದ ಕೇಳಿದರು. x ನ ಬೆಲೆ ಊಹಿಸಿರಿ ಎಂದಾಗ ಕಡಿಮೆಯೆಂದರೆ ನಾಲ್ಕು ಬಂತು. ಹಿಂದಿನ ಬೆಂಚಿನಿಂದ ಯಾರೋ ಅನಂತ ಎಂದರು.

ಮೊದಲ ಬೆಂಚಿನಲ್ಲಿ ದಪ್ಪ ಕನ್ನಡಕದ ಒಬ್ಬಳು ಹುಡುಗಿ ಕೂರುತ್ತಿದ್ದಳು. ವರ್ಷಕ್ಕೆ ನಾಲ್ಕೈದು ಸಲ ಬಾಯಿ ಬಿಡುವವಳು. ಬಿಟ್ಟಾಗ ನಾನು ಕುರ್ಚಿಯಲ್ಲಿ ಕೂರುವುದು ಒಳ್ಳೆಯದು. ಅವಳು ಎದ್ದು ನಿಂತು, ಈ ಲೆಕ್ಕದಲ್ಲಿ ಒಂದು ತೊಂದರೆ ಇದೆ ಎಂದಳು. x ತನ್ನ ಪಾಡಿಗೆ ತಾನಿರುವ ಸಂಖ್ಯೆಯಲ್ಲ. ಪ್ರತಿ ಸಲ ಎಂಟುನೂರು ಹೋಗುತ್ತದೆಂಬ ಭಯವಿದ್ದರೆ ಆ ಮಹಿಳೆ ಹುಷಾರಾಗಿ ಓಡಿಸಿ ಬೇಗ ಪಾಸಾಗಬಹುದು. ಭಯವಿಲ್ಲದಿದ್ದರೆ ಸುಮ್ಮನೆ ಫೇಲಾಗುತ್ತ ಹೋಗಬಹುದು. ಯಾವ ಪ್ಲಾನ್ ಆರಿಸಿದಳು ಎಂಬುದರ ಮೇಲೆಯೇ x ನಿಂತಿದೆ. ಒಳ್ಳೆಯ ಪ್ರಶ್ನೆ, ಪರೀಕ್ಷೆಗೆ ಬರುವುದಿಲ್ಲ ಎಂದು ಹೇಳಿ ಕೂರಿಸಿದೆ.

ನನಗೆ ಕಲಿಸಲು ಬಂದವರು ಕೇರಳದ ಒಬ್ಬ ಮಹಿಳೆ. ಮಂಗಳೂರಿನಲ್ಲಿ ಎರಡು ವರ್ಷ ನರ್ಸಿಂಗ್ ಓದಿ, ರಕ್ತ ನೋಡಲಾಗದೆ ಬಿಟ್ಟು ಬಂದು ಇಲ್ಲಿ ಡ್ರೈವಿಂಗ್ ಹೇಳಿಕೊಡುತ್ತಿದ್ದರು. ಹೀಗಾಗಿ ಕನ್ನಡ ಬರುತ್ತಿತ್ತು. ಅವರ ಕಾಲಕೆಳಗೂ ಒಂದು ಬ್ರೇಕ್ ಇತ್ತು. ಮೊದಲ ತಿಂಗಳು ಕಾರು ನಿಂತದ್ದೆಲ್ಲ ಅದರಿಂದಲೇ. ನನ್ನ ತೊಂದರೆ ವೇಗವಾಗಿರಲಿಲ್ಲ, ವಿನಯವಾಗಿತ್ತು. ರೌಂಡ್‌ಅಬೌಟಿನಲ್ಲಿ ಎಡಗಡೆಯಿಂದ ಬರುವವರಿಗೆ ದಾರಿ ಬಿಡಬೇಕು ಎಂದು ಅವರು ಹೇಳಿದ್ದರು. ನಾನು ಎಡ, ಬಲ, ಹಿಂದೆ ಎಲ್ಲ ಕಡೆಯವರಿಗೂ ಬಿಟ್ಟೆ. ಒಮ್ಮೆ ಒಂದು ಪಾರಿವಾಳಕ್ಕೆ ಬಿಟ್ಟೆ. ಅದು ನಡೆದುಕೊಂಡೇ ದಾಟಿತು. ಹಿಂದಿನ ಲಾರಿಯವನು ಹಾರ್ನ್ ಹೊಡೆದರೆ ಕಿಟಕಿ ಇಳಿಸಿ ಸಾರಿ ಹೇಳುತ್ತಿದ್ದೆ.

"ಟೀಚರ್, ಇದು ರೋಡು. ಇಲ್ಲಿ ಕೈ ಎತ್ತಿ ಪರ್ಮಿಷನ್ ಕೇಳ್ಲಿಕ್ಕಿಲ್ಲ" ಎಂದು ಅವರು ಒಂದು ದಿನ ಹೇಳಿದರು. ಆಗ ನನ್ನ ಬಲಗೈ ನಿಜವಾಗಿಯೂ ಮೇಲೆ ಎದ್ದಿತ್ತು.

ಮೊದಲ ರೋಡ್ ಟೆಸ್ಟಿನ ದಿನ ನಾವು ನಾಲ್ವರು ಹೆಂಗಸರು ಒಂದೇ ಕಾರಿನಲ್ಲಿ. ಒಬ್ಬಳು ಓಡಿಸುವಾಗ ಮಿಕ್ಕ ಮೂವರು ಹಿಂದೆ ಕೂತು ಪ್ರಾರ್ಥಿಸುವುದು. ಎಕ್ಸಾಮಿನರ್ ಕಪ್ಪು ಕನ್ನಡಕ ಹಾಕಿದ್ದ ಎಮಿರಾತಿ ಹೆಂಗಸು, ಮಾತು ಕಡಿಮೆ. ನನ್ನ ಸರದಿ ಬಂದಾಗ ಯಲ್ಲಾ, ಅಂದರೆ ಹೊರಡು, ಎಂದರು. ಹೊರಟೆ. ಸ್ವಲ್ಪ ಹೊತ್ತಿಗೆ ಮತ್ತೆ ಯಲ್ಲಾ, ಯಲ್ಲಾ ಎಂದರು. ನನ್ನ ವೇಗ ಅವರಿಗೆ ಹೆಚ್ಚೆನಿಸಿರಬೇಕು ಎಂದುಕೊಂಡು ಇನ್ನೂ ನಿಧಾನ ಮಾಡಿದೆ. ಎರಡು ಸಲ ಹೇಳಿದರೆ ಬೇಗ ಬೇಗ ಎಂದರ್ಥವೆಂದು ಆಮೇಲೆ ತಿಳಿಯಿತು. ಎಂಬತ್ತರ ರಸ್ತೆಯಲ್ಲಿ ಮೂವತ್ತೈದರಲ್ಲಿ ಹೋಗುತ್ತಿದ್ದೆ. ಒಬ್ಬ ಡೆಲಿವರಿಯವನು ಬೈಕಿನಲ್ಲಿ ಪಕ್ಕಕ್ಕೆ ಬಂದು, ಕಾರು ಕೆಟ್ಟಿದೆಯೆ ಎಂದು ಕೈಸನ್ನೆಯಲ್ಲಿ ಕೇಳಿ ಮುಂದೆ ಹೋದ. ಖಲಾಸ್ ಎಂದರು ಎಕ್ಸಾಮಿನರ್. ಅದು ನನಗೆ ಅರ್ಥವಾಯಿತು.

ಮನೆಗೆ ಬಂದಾಗ ಗಂಡ ನನಗೆ ಇಷ್ಟವಾದ ಶವರ್ಮಾ ತಂದಿಟ್ಟಿದ್ದರು. ಫೇಲ್ ಎಂದೆ. ಹೋಗಲಿ ಬಿಡು ಎಂದರು. ಆದರೆ ಮುಖದಲ್ಲಿ ಹೋಗಲಿ ಬಿಡು ಇರಲಿಲ್ಲ. ಸೇಲಿನಲ್ಲಿ ಏನೋ ಸಿಕ್ಕಿದವರ ಹಾಗೆ ಇತ್ತು. ಆ ಚೌಕುಳಿ ಹಾಳೆ ಫ್ರಿಜ್ಜಿನ ಬಾಗಿಲಿಗೆ ಅಂಟಿತ್ತು. ಅವರು ಪೆನ್ನು ತೆಗೆದುಕೊಂಡು ಹೋಗಿ x ಒಂದು ಎಂಬಲ್ಲಿ ಒಂದು ಚುಕ್ಕೆ ಇಟ್ಟರು.

ಎರಡನೇ ಸಲ ನಾನು ಹಸಿರು ಸಿಗ್ನಲ್ಲಿನಲ್ಲಿ ನಿಲ್ಲಿಸಿದೆ. ಯಾಕೆಂದು ಎಕ್ಸಾಮಿನರ್ ಕೇಳಿದರು. ಬಹಳ ಹೊತ್ತಿನಿಂದ ಹಸಿರಿದೆ, ಇನ್ನೇನು ಕೆಂಪಾಗುತ್ತದೆ ಎಂದೆ. ಅದು ಹೇಳುವಷ್ಟರಲ್ಲಿ ಕೆಂಪಾಯಿತು ಕೂಡ. ನನ್ನ ಊಹೆ ಸರಿಯಾದದ್ದಕ್ಕೆ ಅಂಕ ಸಿಗಲಿಲ್ಲ. ಮೂರನೇ ಸಲ ರೌಂಡ್‌ಅಬೌಟಿನೊಳಗೆ ಹೋದ ಮೇಲೆ ಎಕ್ಸಾಮಿನರ್ ಫೋನಿನಲ್ಲಿ ಏನೋ ನೋಡುತ್ತಿದ್ದರು. ಎಡಕ್ಕೋ ಬಲಕ್ಕೋ ನೇರವೋ ಹೇಳಲಿಲ್ಲ. ಕೇಳಲು ನನಗೆ ಧೈರ್ಯ ಬರಲಿಲ್ಲ. ಸುತ್ತಿದೆ. ಎರಡನೇ ಸುತ್ತಿನಲ್ಲಿ ಹಿಂದಿನ ಸೀಟಿನ ಫಿಲಿಪಿನೊ ಹುಡುಗಿ ಮೆಲ್ಲಗೆ ನಗಲಾರಂಭಿಸಿದಳು. ಮೂರನೇ ಸುತ್ತಿಗೆ ಎಕ್ಸಾಮಿನರ್ ತಲೆಯೆತ್ತಿ, ಅದೇ ಖರ್ಜೂರದ ಮರವನ್ನು ಮತ್ತೆ ನೋಡಿ, ಫೋನು ಕೆಳಗಿಟ್ಟರು.

ಆ ಸಂಜೆ ಗಂಡ ಫ್ರಿಜ್ಜಿನ ಮುಂದೆ ನಿಂತು ಮೂರನೇ ಚುಕ್ಕೆಯನ್ನು ಸರಿಯಾಗಿ ಎರಡು ಗೆರೆಗಳು ಸೇರುವ ಜಾಗದಲ್ಲಿ ಇಟ್ಟರು. ಬಹಳ ಹೊತ್ತು ನೋಡಿದರು.

"ಇಲ್ಲಿವರೆಗೆ ಸಮ. ಇನ್ನು ಮುಂದೆ ಫೇಲ್ ಆದದ್ದೆಲ್ಲ ನಮ್ಗೆ ಲಾಭ" ಎಂದರು. "ನೀನು ಗಡಿಬಿಡಿ ಮಾಡ್ಬೇಡ."

ಮರುದಿನ ಇದನ್ನು ತರಗತಿಯಲ್ಲಿ ಹೇಳಿದೆ. ಅಷ್ಟು ಹೊತ್ತಿಗೆ ಮಕ್ಕಳಿಗೂ ನನಗೂ ನಡುವೆ ಆ ವಿಷಯದಲ್ಲಿ ಮುಚ್ಚುಮರೆ ಉಳಿದಿರಲಿಲ್ಲ. ಬೋರ್ಡಿನಲ್ಲಿ ಛೇದನ ಬಿಂದುವಿಗೆ ದೊಡ್ಡ ವೃತ್ತ ಎಳೆದೆ. ಕನ್ನಡಕದ ಹುಡುಗಿ ಎದ್ದಳು. ನಾನು ಕುರ್ಚಿಯಲ್ಲಿ ಕೂತೆ.

ಅವಳು ಕೇಳಿದ್ದು ಇಷ್ಟೇ: ಎರಡನೇ ಮತ್ತು ಮೂರನೇ ಟೆಸ್ಟಿಗೆ ಹೋಗುವಾಗ ಕೌಂಟರಿನಲ್ಲಿ ನೀವು ಏನನ್ನೂ ಕೊಡಲಿಲ್ಲವೆ?

ಕೊಟ್ಟಿದ್ದೆ. ಎರಡು ಸಲವೂ ಮುನ್ನೂರು ದಿರ್ಹಂ ಟೆಸ್ಟ್ ಫೀಸು, ಕಾರ್ಡು ತಾಗಿಸಿ. ನಾಲ್ಕನೆಯದಕ್ಕೂ ಆಗಲೇ ಕೊಟ್ಟಾಗಿತ್ತು. ಫೇಲಾದ ದುಃಖದಲ್ಲಿ ಹೊಸ ದಿನಾಂಕ ತೆಗೆದುಕೊಳ್ಳುವಾಗ ಕಾರ್ಡು ತಾಗಿಸಿದ್ದು ತಲೆಗೇ ಹೋಗಿರಲಿಲ್ಲ. ಅನ್‌ಲಿಮಿಟೆಡ್ ಎಂದರೆ ಕ್ಲಾಸುಗಳು ಅನ್‌ಲಿಮಿಟೆಡ್. ಮೊದಲನೆಯದು ಬಿಟ್ಟು ಟೆಸ್ಟ್ ಫೀಸು ಪ್ರತಿ ಸಲ ಬೇರೆ. ಬಣ್ಣದ ಹಾಳೆಯ ಕೆಳತುದಿಯಲ್ಲಿ ಸಣ್ಣ ಅಕ್ಷರದಲ್ಲಿ ಹಾಗೆಂದು ಬರೆದೇ ಇತ್ತು. ಸಾದಾ ಪ್ಲಾನಿನ ಎಂಟುನೂರರೊಳಗೆ ಆ ಮುನ್ನೂರು ಸೇರಿತ್ತು. ನಾನು ಎರಡು ತಿಂಗಳು ಮಟ್ಟಸ ಎಂದು ತಿಳಿದು ಮಕ್ಕಳಿಗೆ ತೋರಿಸಿದ್ದ ಕೆಂಪು ಗೆರೆ ಮಟ್ಟಸವೇ ಅಲ್ಲ, ಅದೂ ಮೆಲ್ಲಗೆ ಮೇಲೇರುತ್ತಿತ್ತು: 6900 + 300x.

ನಾನು ಏನೂ ಹೇಳುವ ಮೊದಲೇ ಹಿಂದಿನ ಬೆಂಚಿನವರು ಲೆಕ್ಕ ಮುಗಿಸಿದ್ದರು. ಇಡೀ ವರ್ಷದಲ್ಲಿ ಅವರು ತಾವಾಗಿ ಬಿಡಿಸಿದ ಮೊದಲ ಸಮೀಕರಣ ಅದು. 4500 + 800x = 6900 + 300x. x ಅಂದರೆ ನಾಲ್ಕು ಪಾಯಿಂಟ್ ಎಂಟು. ಪಾಯಿಂಟ್ ಎಂಟು ಸಲ ಫೇಲಾಗುವುದು ಹೇಗೆ ಎಂಬ ಬಗ್ಗೆ ಸ್ವಲ್ಪ ಚರ್ಚೆಯಾಯಿತು. ಗೇಟಿನಿಂದ ಹೊರಗೆ ಹೋಗುವ ಮೊದಲೇ ಎಲ್ಲಿಗಾದರೂ ಗುದ್ದಿದರೆ ಆಗಬಹುದು ಎಂದು ಒಬ್ಬಳು ಹೇಳಿದಳು. ಕೊನೆಗೆ ಎಲ್ಲರೂ ಒಪ್ಪಿದ್ದು ಐದು ಎಂದು. ಮಿಸ್ ಇನ್ನೂ ಎರಡು ಸಲ ಫೇಲಾಗಬೇಕು.

ಇಪ್ಪತ್ತು ವರ್ಷದ ಅನುಭವದ ಮೇಲೆ ನಾಚಿಕೆ ಆದದ್ದು ನಿಜ. ಆ ಹುಡುಗಿಯ ಪುಸ್ತಕದಲ್ಲಿ ವೆರಿ ಗುಡ್ ಬರೆದೆ. ಬರೆಯುವಾಗ ಕೈ ಸ್ವಲ್ಪ ಗಟ್ಟಿಯಾಗಿ ಒತ್ತಿತು.

ಮನೆಯಲ್ಲಿ ಹೇಳುವುದೋ ಬೇಡವೋ ಎಂದು ಬಸ್ಸಿನಲ್ಲಿ ಯೋಚಿಸುತ್ತ ಬಂದೆ. ಹೇಳಿದೆ. ಗಂಡ ಬೈಯಲಿಲ್ಲ. ಸ್ಟೋರಿನಲ್ಲಿ ಮೊಟ್ಟೆಯ ಲೆಕ್ಕ ತಪ್ಪಿದಾಗ ಮಾಡುವ ಹಾಗೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಫ್ರಿಜ್ಜಿನ ಹಾಳೆಯ ಮೇಲೆ ಸ್ಕೇಲಿಟ್ಟು ಹೊಸ ಕೆಂಪು ಗೆರೆ ಎಳೆದರು. ಆಮೇಲೆ ಊಟಕ್ಕೆ ಕೂತು, ನಾಲ್ಕನೇ ಟೆಸ್ಟು ಬರುವ ಮಂಗಳವಾರ ಅಲ್ಲವಾ ಎಂದರು. ಹೌದೆಂದೆ. ಇಂಥ ವಿಷಯದಲ್ಲಿ ಒತ್ತಾಯ ಮಾಡುವವರು ತಾವಲ್ಲ, ಆದರೆ ಐದರವರೆಗೆ ಹೋದರೆ ನಷ್ಟ ಮುಗಿದು ನೂರು ದಿರ್ಹಂ ಉಳಿಯುತ್ತದೆ ಎಂಬುದನ್ನು ತಿಳಿದಿರಲಿ ಎಂದಷ್ಟೇ ಹೇಳುತ್ತಿರುವುದಾಗಿ ಹೇಳಿದರು.

"ನೂರು ದಿರ್ಹಮಿಗೆ ನಾನು ಇನ್ನೆರಡು ಸಲ ಫೇಲ್ ಆಗ್ಬೇಕಾ ಮಾರಾಯ್ರೆ?" ಎಂದು ಕೇಳಿದೆ.

"ಬೇಕು ಅಂತ ಅಲ್ಲ," ಎಂದರು ಅವರು. "ಆದ್ರೆ ಬೇಜಾರಿಲ್ಲ."

ಆ ಮಾತು ಮಂಗಳವಾರದವರೆಗೂ ನನ್ನ ತಲೆಯೊಳಗೆ ಕೂತಿತ್ತು. ಟೆಸ್ಟಿನ ಕಾರಿನಲ್ಲಿ ಸ್ಟಿಯರಿಂಗ್ ಹಿಡಿದಾಗಲೂ ಇತ್ತು. ಹೆದರಿಕೆಗೆ ಜಾಗವೇ ಉಳಿದಿರಲಿಲ್ಲ, ಬರೀ ಸಿಟ್ಟು. ಎಂಬತ್ತರ ರಸ್ತೆಯಲ್ಲಿ ಎಪ್ಪತ್ತೆಂಟಕ್ಕೆ ಹೋದೆ. ಒಂದು ಲಾರಿ ನನಗಿಂತ ಮುಂದೆ ನುಗ್ಗಲು ನೋಡಿತು, ಬಿಡಲಿಲ್ಲ. ರೌಂಡ್‌ಅಬೌಟು ಬಂದಾಗ ಎಕ್ಸಾಮಿನರ್ ಏನೂ ಹೇಳುವ ಮೊದಲೇ ಎಲ್ಲಿಗೆ ಹೋಗಬೇಕು ಎಂದು ತರಗತಿಯ ಧ್ವನಿಯಲ್ಲಿ ಕೇಳಿದೆ. ಅವರು ತಕ್ಷಣ ನೆಟ್ಟಗೆ ಕೂತು, ಬಲಕ್ಕೆ ಎಂದರು. ಹಸಿರಿನಲ್ಲಿ ಹೋದೆ, ಕೆಂಪಿನಲ್ಲಿ ನಿಂತೆ. ಪಾರಿವಾಳಗಳು ತಾವಾಗಿಯೇ ಹಾರಿಹೋದವು. ಇಳಿಯುವಾಗ ಎಕ್ಸಾಮಿನರ್ ಮಬ್ರೂಕ್ ಎಂದರು. ಅಭಿನಂದನೆ ಎಂದು ಅದರರ್ಥ. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರವರೆಗೆ ಆ ಪದವನ್ನು ಯಾರೂ ನನಗೆ ಹೇಳಿರಲಿಲ್ಲ.

ನನಗೆ ಕಲಿಸಿದ ಮಹಿಳೆ ಅಲ್ಲಿಯೇ ಅಂಗಳದಲ್ಲಿದ್ದರು. ಓಡಿಬಂದು ಅಪ್ಪಿಕೊಂಡು, ಇನ್ನು ತಮ್ಮ ಬ್ರೇಕ್ ಕಾಲಿಗೆ ರಜೆ ಎಂದರು. ಕಣ್ಣಲ್ಲಿ ನೀರಿತ್ತು. ಅದು ಸಂತೋಷದ್ದೋ ನೆಮ್ಮದಿಯದ್ದೋ ನಾನು ಕೇಳಲಿಲ್ಲ.

ಗಂಡನಿಗೆ ಫೋನ್ ಮಾಡಿದೆ. ಪಾಸ್ ಎಂದೆ. ಆ ಕಡೆ ಅವರು ಏನು ಮಾಡುತ್ತಿದ್ದಾರೆಂದು ನನಗೆ ಗೊತ್ತಿತ್ತು, ನಾನೂ ಅದನ್ನೇ ಮಾಡುತ್ತಿದ್ದೆ. ಮೂರು ಸಲ ಫೇಲು. ಸಾದಾ ಪ್ಲಾನಿನಲ್ಲಾಗಿದ್ದರೆ ಆರು ಸಾವಿರದ ಒಂಬೈನೂರು, ನಾವು ಕೊಟ್ಟದ್ದು ಏಳು ಸಾವಿರದ ಎಂಟುನೂರು. ಒಂಬೈನೂರು ದಿರ್ಹಂ ಹೆಚ್ಚು. ಅವರು ಗಂಟಲು ಸರಿಮಾಡಿಕೊಂಡು, ಒಳ್ಳೇದಾಯ್ತು ಎಂದರು. ಪಾಸಾದ ಹೆಂಡತಿಗೆ ಸಂತಾಪ ಸೂಚಿಸಿದ ಗಂಡ ಇಡೀ ಎಮಿರೇಟ್ಸ್‌ನಲ್ಲಿ ಅವರೊಬ್ಬರೇ ಇರಬೇಕು. ಆದರೆ ಸಂಜೆ ಊರಿಗೆ ಫೋನ್ ಹಚ್ಚಿ ತಮ್ಮ ಅಣ್ಣ, ತಂಗಿ, ಚಿಕ್ಕಪ್ಪ ಎಂದು ಐದು ಮಂದಿಗೆ ಹೇಳಿದ್ದೂ ಅವರೇ. ತಾವು ಏಳನೇ ಸಲಕ್ಕೆ ಪಾಸಾದದ್ದು, ಇವಳು ನಾಲ್ಕನೆಯದಕ್ಕೇ ಆದಳು ಎಂದು. ನಾಲ್ಕನೆಯದಕ್ಕೇ ಎನ್ನುವಾಗ ಧ್ವನಿ ಸ್ವಲ್ಪ ಏರಿತ್ತು. ನಾನು ಅಡುಗೆಮನೆಯಲ್ಲಿ ನಿಂತು ಐದು ಸಲವೂ ಕೇಳಿಸಿಕೊಂಡೆ.

ತರಗತಿಯಲ್ಲಿ ಮಕ್ಕಳು ಚಪ್ಪಾಳೆ ತಟ್ಟಿದರು. ಕನ್ನಡಕದ ಹುಡುಗಿ ಮಾತ್ರ ತನ್ನ ಹಳೆಯ ಮಾತಿಗೆ ಉತ್ತರ ಬೇಕೆಂದಳು: ಸಾದಾ ಪ್ಲಾನ್ ತೆಗೆದುಕೊಂಡಿದ್ದರೆ ಮಿಸ್ ಇನ್ನೂ ಬೇಗ ಪಾಸಾಗುತ್ತಿದ್ದರೆ? ಅದಕ್ಕೆ ನನ್ನ ಬಳಿ ಸಮೀಕರಣವಿಲ್ಲ ಎಂದು ಹೇಳಿದೆ. ಸಿಟ್ಟಿಗೆ ಒಂದು ಚರಾಕ್ಷರ ಇಡಬೇಕಾಗುತ್ತದೆ ಎಂದಾಗ ಅವಳು ಅದನ್ನು ಗಂಭೀರವಾಗಿ ಬರೆದುಕೊಂಡಳು.

ಲೈಸೆನ್ಸ್ ಬಂದ ಮೊದಲ ಶನಿವಾರ ನಾನೇ ಕಾರು ತೆಗೆದೆ. ಸತ್ವಾ ಬಡಾವಣೆಯ ದರ್ಜಿಯ ಹತ್ತಿರ ಎರಡು ರವಿಕೆ ಹೊಲಿಯಲು ಕೊಟ್ಟಿದ್ದೆ. ಗಂಡ ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಇಲ್ಲದ ಬ್ರೇಕನ್ನು ಒತ್ತುತ್ತ ಬಂದರು. ಹೆದ್ದಾರಿಯಲ್ಲಿ ಏನೂ ಆಗಲಿಲ್ಲ. ದರ್ಜಿಯ ಗಲ್ಲಿಯಲ್ಲಿ ಎರಡು ಕಾರುಗಳ ನಡುವೆ ಒಂದು ಜಾಗವಿತ್ತು. ಹಿಂದೆ ತೆಗೆದೆ, ಮುಂದೆ ತಂದೆ, ಮತ್ತೆ ಹಿಂದೆ ತೆಗೆದೆ. ಅಂಗಡಿಯಿಂದ ದರ್ಜಿ ಹೊರಬಂದು, ಕುತ್ತಿಗೆಗೆ ಟೇಪು ಹಾಕಿಕೊಂಡೇ ನನ್ನ ಕಾರಿನ ಅಗಲ ಅಳೆದು, ಆ ಜಾಗವನ್ನೂ ಅಳೆದು, ಸಾಕಾಗುತ್ತದೆ ಎಂದು ಕೈ ಮಾಡಿದ. ಎದುರಿನ ಗ್ಯಾರೇಜಿನವರು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಗಂಡ ಬಾಗಿಲು ತೆರೆದು ಇಳಿದರು. ಸ್ವಲ್ಪ ಚಾ ಕುಡಿದು ಬರುತ್ತೇನೆ, ನೀನು ನಿಧಾನಕ್ಕೆ ಮಾಡು ಎಂದು ಹೇಳಿ ಗಲ್ಲಿಯ ತುದಿಯ ಕಡೆಗೆ ನಡೆದುಹೋದರು. ಅವರು ಚಾ ಮುಗಿಸಿ ನನಗೂ ಒಂದು ಕಪ್ಪು ಹಿಡಿದುಕೊಂಡು ಬರುವಷ್ಟರಲ್ಲಿ ಕಾರು ಜಾಗದೊಳಗೆ ಸೇರಿತ್ತು. ಎರಡೂ ಕಡೆ ಅಂಗೈಯಷ್ಟು ಜಾಗ ಉಳಿದಿತ್ತು. ನಾನು ಇನ್ನೂ ಒಳಗೇ ಕೂತಿದ್ದೆ, ಬಾಗಿಲು ತೆರೆಯಲು ಆಗುತ್ತಿರಲಿಲ್ಲ. ಅವರು ಕಿಟಕಿಯಿಂದ ಕಪ್ಪನ್ನು ಒಳಗೆ ಕೊಟ್ಟು, ರವಿಕೆ ತರಲು ಅಂಗಡಿಗೆ ಹೋದರು.